ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯ್ತು, ನೆನಪಿಡುವಂಥದ್ದು ಏನೂ ಆಗಿಲ್ಲ

ಪ್ರಶ್ನೆ: ನಾನು ಬ್ರಹ್ಮಾವರದ ಹುಡುಗ, 22 ವರ್ಷ. ಮಂಗಳೂರಿನಲ್ಲಿ ಬಿ.ಇ. ಮುಗಿಸಿ ಈ ಅಕ್ಟೋಬರ್‌ನಲ್ಲಿ ಎಂ.ಎಸ್ಸಿ. ಓದಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ. ಎರಡು ತಿಂಗಳಾಯ್ತು. ಕ್ಲಾಸು, ರೂಮು, ವಾರಕ್ಕೆ ಮೂರು ದಿನ ಗೋದಾಮಿನಲ್ಲಿ ಕೆಲಸ. ಅಷ್ಟೇ ನನ್ನ ದಿನಚರಿ. ಸೀನಿಯರ್‌ಗಳೆಲ್ಲ ‘ಲೈಫಿನ ಬೆಸ್ಟ್ ದಿನಗಳು’ ಅಂತಾರೆ. ನನಗೆ ಹಾಗೆ ಅನ್ನಿಸುವಂಥದ್ದು ಒಂದೂ ಆಗಿಲ್ಲ. ನಾಲ್ಕೂವರೆಗೇ ಕತ್ತಲೆ. ನಾವು ಮೂವರು ಭಾರತದ ಹುಡುಗರು ಒಂದು ಮನೆಯಲ್ಲಿದ್ದೇವೆ. ಮೊನ್ನೆ ಮೆಟ್ಟಿಲು ಗುಡಿಸುವ ನಮ್ಮ ಪಾಳಿ ತಪ್ಪಿತು ಅಂತ ಕೆಳಗಿನ ಮನೆಯ ಅಜ್ಜಿ ಬಾಗಿಲಿಗೇ ಬಂದು ಬೈದು ಹೋದರು. ಒಂದು ಮಾತೂ ಅರ್ಥ ಆಗಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಲೂ ಮನಸ್ಸಾಗಲಿಲ್ಲ. ನೀವೂ ಇದೇ ಊರಿನಲ್ಲಿ ಓದಿದವರು. ನಿಮ್ಮ ನೆನಪಿನಲ್ಲಿ ಉಳಿದದ್ದು ಏನು? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಅಜ್ಜಿಯ ಸಾಲನ್ನು. ಎರಡು ತಿಂಗಳಲ್ಲಿ ನಿಮ್ಮ ಬಾಗಿಲಿಗೆ ಬಂದ ಮೊದಲ ಜರ್ಮನ್ ಮನುಷ್ಯ ಅವರೇ ಅಲ್ವಾ? ಬೈಯಲಿಕ್ಕಾದರೂ ಬಂದರಲ್ಲ. ನಾನು ಹೇಳಬೇಕಾದದ್ದರ ಮುಕ್ಕಾಲು ಪಾಲು ಆ ಬಾಗಿಲ ಹತ್ತಿರವೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಕತ್ತಲೆಯ ವಿಷಯ.

ಡಿಸೆಂಬರ್‌ನಲ್ಲಿ ನಮ್ಮ ಮಂಗಳೂರಿನಲ್ಲಿ ಹಗಲು ಹೆಚ್ಚುಕಡಿಮೆ ಹನ್ನೊಂದೂವರೆ ಗಂಟೆ. ನೀವಿರುವಲ್ಲಿ ಅದೇ ತಿಂಗಳಲ್ಲಿ ಎಂಟು ಗಂಟೆಗಿಂತ ಸ್ವಲ್ಪ ಜಾಸ್ತಿ. ಅದರಲ್ಲೂ ಸೂರ್ಯ ಕಾಣುವುದು ಅಪರೂಪ, ಬರೀ ಬೂದು ಬಣ್ಣದ ಆಕಾಶ. ನಮ್ಮ ಮೈಯೊಳಗಿನ ಗಡಿಯಾರ ಹೊತ್ತು ಸರಿಹೊಂದಿಸಿಕೊಳ್ಳುವುದೇ ಕಣ್ಣಿಗೆ ಬೀಳುವ ಬೆಳಕಿನಿಂದ. ಬೆಳಿಗ್ಗೆ ಬೆಳಕು ಸಿಗದಿದ್ದರೆ ನಿದ್ದೆ ಏರುಪೇರಾಗುತ್ತದೆ, ಮನಸ್ಸು ಕುಗ್ಗುತ್ತದೆ. ಹುಟ್ಟಿದಾಗಿನಿಂದ ಕಡಲತೀರದ ಬಿಸಿಲು ಉಂಡು ಬೆಳೆದವರಿಗೆ ಇದು ಇನ್ನೂ ಜೋರಾಗಿ ತಟ್ಟಬಹುದು. ಅಂದರೆ ನಿಮಗೆ ಈಗ ಆಗುತ್ತಿರುವುದರಲ್ಲಿ ಒಂದು ಪಾಲು ಹವೆಯದ್ದು. ಅದನ್ನು ನಿಮ್ಮ ಸೋಲು ಅಂತ ಲೆಕ್ಕ ಹಾಕಬೇಡಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಇದ್ದರೂ ನಡೆಯಿರಿ. ರೂಮಿನ ಟ್ಯೂಬ್‌ಲೈಟಿಗಿಂತ ಮೋಡದ ಆಕಾಶದ ಬೆಳಕು ಎಷ್ಟೋ ಪಟ್ಟು ಹೆಚ್ಚು.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿ ಬರದಿದ್ದರೆ, ಏಳಲೇ ಮನಸ್ಸಾಗದಿದ್ದರೆ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸೇವಾ ಸಂಸ್ಥೆಗೆ ಹೋಗಿ. ಅದಕ್ಕೆ ಅಲ್ಲಿ ಶ್ಟುಡಿಯೆರೆಂಡೆನ್‌ವೆರ್ಕ್ ಅನ್ನುತ್ತಾರೆ. ನೀವು ಊಟ ಮಾಡುವ ಮೆನ್ಸಾ ನಡೆಸುವವರೂ ಅವರೇ. ಅವರಲ್ಲಿ ಮನಸ್ಸಿನ ವಿಷಯ ಮಾತಾಡಲು ಸಲಹೆಗಾರರು ಇರುತ್ತಾರೆ. ನಾಚಿಕೊಳ್ಳಬೇಡಿ. ನನ್ನ ವಿದ್ಯಾರ್ಥಿಗಳಲ್ಲಿ ಹೋದವರಿದ್ದಾರೆ. ಹೋಗಿ ಚೇತರಿಸಿಕೊಂಡು ಓದು ಮುಗಿಸಿದರು.

ಈಗ ನಿಮ್ಮ ಮುಖ್ಯ ಪ್ರಶ್ನೆ.

ನಾನು ಸ್ಟುಟ್‌ಗಾರ್ಟ್‌ಗೆ ಹೋದದ್ದು 2004ರ ಸೆಪ್ಟೆಂಬರ್ ಕೊನೆಗೆ. ಆಗ ಮಂಗಳೂರಿನಿಂದ ವಿದೇಶಕ್ಕೆ ನೇರ ವಿಮಾನವೇ ಇರಲಿಲ್ಲ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್. ಮನೆಗೆ ಫೋನ್ ಮಾಡಲು ಕಾರ್ಡ್ ಗೀಚಿ ನಂಬರ್ ಒತ್ತಬೇಕಿತ್ತು. ಎರಡು ವರ್ಷ ಇದ್ದೆ. ವಾಪಸ್ ಬಂದು ಮಂಗಳೂರಿನಲ್ಲಿ ಪಾಠ ಮಾಡುತ್ತಿದ್ದೇನೆ. ಹದಿನೈದು ವರ್ಷಗಳಿಂದ ಹೊರದೇಶಕ್ಕೆ ಓದಲು ಹೊರಟ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ. ಹೋಗುವ ಮೊದಲು ಎಲ್ಲರ ಪ್ರಶ್ನೆಯೂ ಒಂದೇ. ನಮ್ಮ ಡಿಗ್ರಿ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್, ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಬ್ಲಾಕ್ಡ್ ಅಕೌಂಟ್, ವೀಸಾ, ರೂಮು. ಡಿಸೆಂಬರ್ ಬಂತು ಅಂದರೆ ಮೆಸೇಜುಗಳ ಧಾಟಿ ಬದಲಾಗುತ್ತದೆ. ಆಗ ಬರುವುದೆಲ್ಲ ನಿಮ್ಮ ಪತ್ರದ ಹಾಗೆಯೇ ಇರುತ್ತದೆ. ‘ಬೆಸ್ಟ್ ದಿನಗಳು’ ಅನ್ನುವ ಆ ಸೀನಿಯರ್‌ಗಳ ಮೊದಲ ಡಿಸೆಂಬರ್ ಹೇಗಿತ್ತು ಅಂತ ಒಮ್ಮೆ ಕೇಳಿ ನೋಡಿ.

ನಾನು ಅಲ್ಲಿದ್ದಾಗ ಪ್ಯಾರಿಸ್‌ಗೆ ಹೋಗಿದ್ದೆ, ಆಲ್ಪ್ಸ್ ನೋಡಿದ್ದೆ. ಫೋಟೋಗಳಿವೆ. ನಿಜ ಹೇಳಬೇಕೆಂದರೆ ಐಫೆಲ್ ಟವರ್ ಕೆಳಗೆ ನಿಂತಾಗ ಏನನ್ನಿಸಿತ್ತು ಅಂತ ನನಗೆ ಈಗ ನೆನಪಿಲ್ಲ. ಆದರೆ ಒಂದು ಮರದ ಹಲಗೆಯ ಬಣ್ಣ, ಅದರ ದಾರದ ಗಂಟು, ಅದರ ಮೇಲಿನ ಅಕ್ಷರ, ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹಲಗೆ ಯಾವುದು ಅಂತ ನಿಮಗೆ ಗೊತ್ತಿರಬೇಕು. ನಿಮ್ಮ ಬಾಗಿಲಿನ ಹಿಡಿಗೂ ಅದನ್ನು ತೂಗು ಹಾಕುತ್ತಾರೆ. ‘ಕೇರ್‌ವೊಖೆ’, ಅಂದರೆ ಗುಡಿಸುವ ವಾರ.

ಅದು ಆ ಸೀಮೆಯ, ಶ್ವಾಬಿಯದವರ, ಬಹಳ ಹಳೆಯ ಪದ್ಧತಿ. 15ನೇ ಶತಮಾನದ ಕೊನೆಗೆ ಸ್ಟುಟ್‌ಗಾರ್ಟ್‌ನ ಕಟ್ಟಲೆಯಲ್ಲೇ ಊರನ್ನು ಚೊಕ್ಕಟವಾಗಿಡುವ ಮಾತು ಬರುತ್ತದೆ. ಒಂದು ಕಟ್ಟಡದಲ್ಲಿ ಆರು ಮನೆಗಳಿದ್ದರೆ ಪ್ರತಿ ವಾರ ಒಂದು ಮನೆಯ ಪಾಳಿ. ಚಿಕ್ಕ ಕೇರ್‌ವೊಖೆ ಅಂದರೆ ನಿಮ್ಮ ಮಹಡಿಯ ಮೆಟ್ಟಿಲು. ದೊಡ್ಡದು ಅಂದರೆ ಅಂಗಳ, ಮನೆ ಮುಂದಿನ ಕಾಲುದಾರಿ, ನೆಲಮಾಳಿಗೆ. ಹಿಮ ಬಿದ್ದರೆ ಬೆಳಿಗ್ಗೆ ಎದ್ದು ಅದನ್ನೂ ತೆಗೆಯಬೇಕು. ಬಾಡಿಗೆ ಕರಾರಿನಲ್ಲೇ ಬರೆದಿರುತ್ತಾರೆ. ಅಲ್ಲಿ ಯಾರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಪಾಳಿ ತಪ್ಪಿದರೆ, ‘ನಾವೆಲ್ಲ ಒಂದೇ ಸೂರಿನ ಕೆಳಗೆ ಇದ್ದೇವೆ ಅನ್ನುವುದು ಇವರಿಗೆ ಬೇಕಾಗಿಲ್ಲ’ ಅಂತ ಅವರಿಗೆ ಅನ್ನಿಸುತ್ತದೆ. ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಅಂಗಳ ಗುಡಿಸದೆ ಬಿಟ್ಟ ಮನೆಯನ್ನು ನೋಡಿದರೆ ಹಿರಿಯರಿಗೆ ಹೇಗಾಗುತ್ತದೋ ಹಾಗೆ.

ನಮ್ಮ ಮನೆಯಲ್ಲಿ ಆಗ ನಾವು ಮೂವರಿದ್ದೆವು. ಒಬ್ಬ ಟರ್ಕಿಯವನು, ಒಬ್ಬ ಇಂಡೋನೇಷ್ಯಾದವನು, ನಾನು. ನವೆಂಬರ್‌ನ ಒಂದು ಸೋಮವಾರ ಬಾಗಿಲಿನ ಹಿಡಿಗೆ ಆ ಹಲಗೆ ಬಂತು. ಕಂದು ಬಣ್ಣ, ಹಸಿರು ಅಕ್ಷರ, ಸಣಬಿನ ದಾರ. ಯಾರಿಗೂ ಅದು ಏನೆಂದು ಗೊತ್ತಿರಲಿಲ್ಲ. ಸುಮ್ನೆ ಹಾಗೇ ಬಿಟ್ಟೆವು. ಶನಿವಾರ ಸಂಜೆ ಬೆಲ್ ಆಯಿತು. ತೆರೆದರೆ ಕೆಳಗಿನ ಮಹಡಿಯ ಅಜ್ಜಿ. ಎಪ್ಪತ್ತೈದು ದಾಟಿದವರು, ನೀಲಿ ಏಪ್ರನ್, ಕೈಯಲ್ಲಿ ಪೊರಕೆ. ಮಾತು ಜೋರಾಗಿಯೇ ಇತ್ತು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಊರಿನಲ್ಲಿ ಆರು ತಿಂಗಳು ಕಲಿತ ಜರ್ಮನ್ ಆ ಹೊತ್ತಿಗೆ ಎಲ್ಲಿ ಹೋಯಿತೋ.

ಆದರೆ ಅವರು ಬೈದು ಹೋಗಲಿಲ್ಲ, ಅಲ್ಲೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಪೊರಕೆ ಹಿಡಿದು ಮೇಲಿನ ಮೆಟ್ಟಿಲಿಗೆ ಹತ್ತಿದರು. ಗೋಡೆ ಕಡೆಯಿಂದ ಕಂಬಿ ಕಡೆಗೆ ಒಂದು ಸಲ, ಮೂಲೆಯಲ್ಲಿ ಪೊರಕೆಯ ತುದಿ ತಿರುಗಿಸಿ ಒಂದು ಸಲ. ಆಮೇಲೆ ಕೆಳಗಿನ ಮೆಟ್ಟಿಲು. ನಾಲ್ಕು ಮೆಟ್ಟಿಲು ಗುಡಿಸಿ ಪೊರಕೆಯನ್ನು ನನ್ನ ಕೈಗೆ ಕೊಟ್ಟರು. ನಾನು ಬಗ್ಗಿ, ಎಡಗೈ ಬೆನ್ನ ಹಿಂದೆ ಇಟ್ಟು ಗುಡಿಸತೊಡಗಿದೆ. ನಮ್ಮಜ್ಜಿ ಕಾಪುವಿನ ಮನೆಯಲ್ಲಿ ಹಿಡಿಸೂಡಿಯಿಂದ ಅಂಗಳ ಗುಡಿಸುತ್ತಿದ್ದದ್ದು ಹಾಗೆಯೇ. ನನಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ಅಷ್ಟು ಉದ್ದ ಹಿಡಿಯ ಪೊರಕೆ ಇದ್ದೂ ಬಗ್ಗಿದ್ದು ನೋಡಿ ಅವರ ಮುಖ ಸಡಿಲವಾಯಿತು. ನನ್ನ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದರು.

ಕೊನೆಯ ಮೆಟ್ಟಿಲು ಮುಗಿದಾಗ ಕೇಳಿದರು, ಎಲ್ಲಿಂದ ಬಂದದ್ದು ಅಂತ. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ? ಹೇಳಿದರೆ ಗೊತ್ತಾಗುವುದಿಲ್ಲ ಅಂದುಕೊಂಡೇ ಹೇಳಿದೆ, ಮಂಗಳೂರು.

ಕಂಬಿ ಒರೆಸುತ್ತಿದ್ದ ಅವರ ಕೈ ನಿಂತಿತು. ‘ಮಂಗಲೋರ್’ ಅಂದರು. ನಿಧಾನವಾಗಿ, ಪರಿಚಯದ ಹೆಸರು ಹೇಳಿದ ಹಾಗೆ. ಆಮೇಲೆ ಎರಡೇ ಪದ: ‘ಬಾಸ್ಲರ್ ಮಿಸಿಯೋನ್’.

ಬಾಸೆಲ್ ಮಿಷನ್! ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಷನರಿಗಳು. ನಮ್ಮ ಬಲ್ಮಠ, ಜೆಪ್ಪು, ಹೆಂಚಿನ ಕಾರ್ಖಾನೆ, ಮುದ್ರಣಾಲಯ ಎಲ್ಲ ನೆನಪಾಗುತ್ತವೆ. ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಇಲ್ಲೇ, ಕನ್ನಡದ ಮೊದಲ ಪತ್ರಿಕೆ. ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಬಂದವರಲ್ಲಿ ಬಹಳ ಮಂದಿ ನೀವು ಈಗ ಇರುವ ಸೀಮೆಯವರು. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲೇ. ಆ ಅಜ್ಜಿ ಹುಡುಗಿಯಾಗಿದ್ದಾಗ, 1930ರ ದಶಕದಲ್ಲಿ, ಚರ್ಚಿನಲ್ಲಿ ಮಿಷನ್ನಿನ ಡಬ್ಬಿಗೆ ನಾಣ್ಯ ಹಾಕುತ್ತಿದ್ದರಂತೆ. ಗೋಡೆಯ ಮೇಲೆ ತೆಂಗಿನಮರಗಳ ಒಂದು ಚಿತ್ರ ಇತ್ತಂತೆ. ಅದರ ಕೆಳಗಿನ ಹೆಸರು ಮಂಗಳೂರು. ಎಪ್ಪತ್ತು ವರ್ಷ ಅದು ಅವರಿಗೆ ಬರೀ ಚಿತ್ರದ ಊರು. ಈಗ ಆ ಊರಿನಿಂದ ಬಂದ ಒಬ್ಬರು ಅವರ ಪೊರಕೆ ಹಿಡಿದು ಅವರ ಮೆಟ್ಟಿಲ ಮೇಲೆ ನಿಂತಿದ್ದರು.

ಇದೆಲ್ಲ ಆ ದಿನವೇ ನನಗೆ ಅರ್ಥವಾಗಲಿಲ್ಲ. ಭಾಷೆ ಬರಬೇಕಲ್ಲ. ಚೂರು ಚೂರಾಗಿ, ಆ ಚಳಿಗಾಲದ ಶನಿವಾರಗಳಲ್ಲಿ ತಿಳಿಯಿತು. ಪಾಳಿ ಇರಲಿ ಇಲ್ಲದಿರಲಿ, ಶನಿವಾರ ಸಂಜೆ ಇಪ್ಪತ್ತು ನಿಮಿಷ ಮೆಟ್ಟಿಲ ಮೇಲೆ ನಿಂತು ಮಾತಾಡುವುದು ರೂಢಿಯಾಯಿತು. ಮೊದಲು ಕಲಿತದ್ದು ಕೈಗೆ ಸಿಗುವ ಪದಗಳು. ಟ್ರೆಪ್ಪೆ ಅಂದರೆ ಮೆಟ್ಟಿಲು, ಬೇಸೆನ್ ಅಂದರೆ ಪೊರಕೆ, ಐಮರ್ ಅಂದರೆ ಬಕೆಟ್ಟು. ಅವರು ಆಡುತ್ತಿದ್ದದ್ದು ಶ್ವಾಬಿಯದ ಮಾತು. ಪುಸ್ತಕದ ಜರ್ಮನ್ ಅಲ್ಲ. ‘ಇಸ್ಟ್’ ಅನ್ನಬೇಕಾದಲ್ಲಿ ‘ಇಷ್’, ಪ್ರತಿ ಹೆಸರಿನ ಕೊನೆಗೆ ಒಂದು ‘ಲೆ’. ನೀವು ಬ್ರಹ್ಮಾವರದವರು, ಕುಂದಾಪ್ರ ಕನ್ನಡ ಕೇಳಿ ಬೆಳೆದವರು. ಬೆಂಗಳೂರಿನವರು ‘ಹ್ವಾಯ್’ ಕೇಳಿ ತಬ್ಬಿಬ್ಬಾಗುವುದನ್ನು ನೋಡಿರುತ್ತೀರಿ. ಅದಕ್ಕೇ ಹೇಳುತ್ತೇನೆ, ನಿಮ್ಮ ಅಜ್ಜಿ ಬೈದದ್ದು ಅರ್ಥವಾಗಲಿಲ್ಲ ಅಂತ ಕುಗ್ಗಬೇಡಿ. ಉತ್ತರ ಜರ್ಮನಿಯವರಿಗೂ ಅದು ಪೂರ್ತಿ ಅರ್ಥವಾಗುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಇದು. ಮುಂದಿನ ಪಾಳಿಯವರೆಗೆ ಕಾಯಬೇಡಿ. ಈ ಶನಿವಾರವೇ ಹೋಗಿ ಅವರ ಬೆಲ್ ಒತ್ತಿ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಊಟದ ಆಮೇಲಿನ ಹೊತ್ತು ಅವರಿಗೆ ವಿಶ್ರಾಂತಿಯದ್ದು. ಭಾನುವಾರವಂತೂ ಬೇಡ. ‘ಗ್ರ್ಯೂಸ್ ಗೊಟ್’ ಅಂತ ಶುರು ಮಾಡಿ, ಆ ಕಡೆಯವರು ‘ನಮಸ್ಕಾರ’ಕ್ಕೆ ಅನ್ನುವುದು ಅದನ್ನೇ. ಆಮೇಲೆ: ‘ಎಂಟ್‌ಶುಲ್ಡಿಗುಂಗ್. ಕ್ಯೋನೆನ್ ಜೀ ಎಸ್ ಮಿಯರ್ ತ್ಸೈಗೆನ್?’ ಕ್ಷಮಿಸಿ, ನನಗೆ ತೋರಿಸಿಕೊಡುತ್ತೀರಾ, ಅಂತ. ಉಚ್ಚಾರ ತಪ್ಪಿದರೂ ಪರವಾಗಿಲ್ಲ. ಕೈಯಲ್ಲಿ ಪೊರಕೆ ಇರಲಿ. ತೋರಿಸಿಕೊಡಿ ಅಂತ ಕೇಳಿದವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ, ಅದು ಬ್ರಹ್ಮಾವರದಲ್ಲೂ ಅಷ್ಟೇ, ಸ್ಟುಟ್‌ಗಾರ್ಟ್‌ನಲ್ಲೂ ಅಷ್ಟೇ.

ನಿಮ್ಮ ಅಜ್ಜಿ ನನ್ನ ಅಜ್ಜಿಯ ಹಾಗೆ ಇರಲಿಕ್ಕಿಲ್ಲ, ಅದು ನಿಜ. ಬಾಗಿಲು ಹಾಕಿಕೊಳ್ಳಬಹುದು. ಆಗ ಬೇರೆ ಬಾಗಿಲು ಹುಡುಕಿ. ಮೂಲೆಯ ಬೇಕರಿ ಇದೆ. ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ಟ್ಯಾಂಡೆಮ್ ಅಂತ ಇರುತ್ತದೆ, ನೀವು ಅವರಿಗೆ ಇಂಗ್ಲಿಷ್ ಹೇಳಿಕೊಡುವುದು, ಅವರು ನಿಮಗೆ ಜರ್ಮನ್. ವಿಶ್ವವಿದ್ಯಾಲಯದ ಆಟೋಟ ವಿಭಾಗದಲ್ಲಿ ಕಡಿಮೆ ದುಡ್ಡಿಗೆ ವಾಲಿಬಾಲ್, ಬ್ಯಾಡ್ಮಿಂಟನ್ ಸಿಗುತ್ತದೆ. ನಮ್ಮ ಕಡೆಯ ಹುಡುಗರಿಗೆ ವಾಲಿಬಾಲ್ ಬಾರದೆ ಇರುತ್ತದೆಯೇ?

ನೀವು ಮೂವರೂ ಭಾರತದವರು ಅಂತ ಬರೆದಿದ್ದೀರಿ. ತಪ್ಪೇನಿಲ್ಲ. ರಾತ್ರಿ ಕನ್ನಡವೋ ಹಿಂದಿಯೋ ಆಡಲು ಜನ ಬೇಕು. ಆದರೆ ನನ್ನ ಕಾಲಕ್ಕೂ ಈಗಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಆಗ ನಮ್ಮ ವಿಭಾಗದಲ್ಲಿ ಭಾರತದವರು ಬೆರಳೆಣಿಕೆಯಷ್ಟು. 2023–24ರ ಹೊತ್ತಿಗೆ ಜರ್ಮನಿಯಲ್ಲಿ ಓದುವ ಭಾರತೀಯರು ಸುಮಾರು 49 ಸಾವಿರ. ಚೀನಾದವರನ್ನೂ ಹಿಂದೆ ಹಾಕಿ ವಿದೇಶಿ ವಿದ್ಯಾರ್ಥಿಗಳಲ್ಲಿ ಮೊದಲ ಸ್ಥಾನ. ಇಂಗ್ಲಿಷ್‌ನಲ್ಲಿ ಕ್ಲಾಸು, ಗೋದಾಮಿನಲ್ಲಿ ಇಂಗ್ಲಿಷ್, ರೂಮಿನಲ್ಲಿ ನಮ್ಮ ಮಾತು. ಎರಡು ವರ್ಷ ಜರ್ಮನಿಯೊಳಗೆ ಕಾಲಿಡದೆಯೇ ಜರ್ಮನಿಯಲ್ಲಿ ಇದ್ದು ಬರಬಹುದು. ಹಾಗೆ ಬಂದವರನ್ನು ನಾನು ನೋಡಿದ್ದೇನೆ. ಡಿಗ್ರಿ ಇರುತ್ತದೆ. ಹೇಳಿ, ಏನಾಯ್ತು ಅಲ್ಲಿ ಅಂದರೆ ಟ್ರೈನು ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ. ನನಗೆ ಅವರನ್ನು ಕಂಡರೆ ನಿಜವಾಗಿ ನೋವಾಗುತ್ತದೆ.

ಗೋದಾಮಿನ ಕೆಲಸದ ಬಗ್ಗೆ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಇವತ್ತೇ ಲೆಕ್ಕ ಹಾಕಿ. ವಾರಕ್ಕೆ ಮೂರು ಪೂರ್ತಿ ದಿನ ಅಂದರೆ ವರ್ಷಕ್ಕೆ 156 ದಿನ. ವಿದ್ಯಾರ್ಥಿ ವೀಸಾದಲ್ಲಿ ಕೆಲಸಕ್ಕೆ ಇರುವ ಮಿತಿ, 2024ರ ಮಾರ್ಚ್‌ನ ಬದಲಾವಣೆಯ ನಂತರ, ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ನಾಲ್ಕು ಗಂಟೆಯ ಒಳಗಿನದ್ದು ಅರ್ಧ ದಿನ. ಇದೇ ರೀತಿ ಹೋದರೆ ನೀವು ಮಿತಿ ದಾಟುತ್ತೀರಿ. ಅದು ವೀಸಾ ನವೀಕರಣಕ್ಕೇ ತೊಡಕಾಗಬಹುದು. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬರುತ್ತಿದ್ದರೆ, ಸ್ಟುಟ್‌ಗಾರ್ಟ್‌ನ ಬಾಡಿಗೆಗೆ ಅದು ಬಿಗಿಯೇ, ಒಪ್ಪುತ್ತೇನೆ. ಮೇಲಿಂದ ನೀವಿರುವ ಜರ್ಮನ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ, 2017ರಿಂದ. ಮನೆಯ ಸಾಲದ ಭಾರ ನಿಮ್ಮ ತಲೆಯಲ್ಲಿ ಇರುತ್ತದೆ ಅಂತ ಗೊತ್ತು. ಆದರೂ ಮೊದಲ ಸೆಮಿಸ್ಟರ್‌ನಲ್ಲಿ ಎರಡೇ ದಿನಕ್ಕೆ ಇಳಿಸಿ. ಪ್ರೊಫೆಸರ್‌ಗಳ ಹತ್ತಿರ ಸಹಾಯಕರ ಕೆಲಸ ಕೇಳಿ, ಅಲ್ಲಿ ‘ಹಿವಿ’ ಅನ್ನುತ್ತಾರೆ. ವಿಶ್ವವಿದ್ಯಾಲಯದ ಒಳಗಿನ ಆ ಕೆಲಸ ದಿನದ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಪಾಠಕ್ಕೂ ಹತ್ತಿರ.

ಪರೀಕ್ಷೆಯ ನೋಂದಣಿ ಆಯ್ತಾ? ನಮ್ಮಲ್ಲಿಯ ಹಾಗೆ ತಾನಾಗಿಯೇ ಹಾಲ್ ಟಿಕೆಟ್ ಬರುವುದಿಲ್ಲ ಅಲ್ಲಿ. ಪೋರ್ಟಲ್‌ನಲ್ಲಿ ನೀವೇ ಪ್ರತಿ ವಿಷಯಕ್ಕೂ ಹೆಸರು ಹಾಕಬೇಕು, ದಿನ ದಾಟಿದರೆ ಕೂರಲು ಬಿಡುವುದಿಲ್ಲ. ಇಂಟರ್ನಲ್ ಅಂಕ ಇಲ್ಲದೆ ಬಹಳ ವಿಷಯಗಳಲ್ಲಿ ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಂತಿರುತ್ತದೆ. 1.0 ಅತಿ ಒಳ್ಳೆಯದು, 4.0ರವರೆಗೆ ಪಾಸು. ಈ ತಿಂಗಳ ಬೇಸರದಲ್ಲಿ ಇದು ಕೈತಪ್ಪದಿರಲಿ.

ಕ್ಲಾಸಿನ ಒಂದು ನೆನಪು ಹೇಳಿ ಮುಂದೆ ಹೋಗುತ್ತೇನೆ. ನನ್ನ ಮೊದಲ ಲೆಕ್ಚರ್ ಮುಗಿದ ಕೂಡಲೇ ಇಡೀ ಹಾಲ್ ಮೇಜು ಕುಟ್ಟತೊಡಗಿತು. ಇನ್ನೂರು ಜನ, ಬೆರಳಿನ ಗೆಣ್ಣಿನಿಂದ, ಟಕಟಕಟಕ. ಏನೋ ಗಲಾಟೆ ಆಯಿತು ಅಂತ ನಾನು ಎದ್ದೇ ನಿಂತೆ. ಪಕ್ಕದವಳು ತೋಳು ಹಿಡಿದು ಕೂರಿಸಿದಳು. ಅಲ್ಲಿ ಮೇಷ್ಟ್ರಿಗೆ ಚಪ್ಪಾಳೆ ಹೊಡೆಯುವುದು ಹಾಗೆ. ಎರಡನೇ ದಿನ ನಾನೂ ಕುಟ್ಟಿದೆ. ಈಗ ಇಲ್ಲಿ ನನ್ನ ಕ್ಲಾಸು ಮುಗಿದಾಗ ಕೆಲವೊಮ್ಮೆ ಆ ಸದ್ದು ಕಿವಿಯಲ್ಲಿ ಬರುತ್ತದೆ. ನೀವೂ ದಿನಾ ಕುಟ್ಟುತ್ತಿರಬೇಕು. ಎರಡೇ ತಿಂಗಳಲ್ಲಿ ಅದು ಮಾಮೂಲಿ ಆಗಿಬಿಟ್ಟಿತಾ? ಮೊದಲ ದಿನ ಹೇಗನ್ನಿಸಿತ್ತು ಅಂತ ಇವತ್ತೇ ಎಲ್ಲಾದರೂ ಬರೆದಿಡಿ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ಚಳಿಗಾಲ ತಿರುಗಿದ್ದು ಒಂದು ಮುಷ್ಟಿ ಅಕ್ಕಿಯಿಂದ. ಡಿಸೆಂಬರ್ ಹೊತ್ತಿಗೆ ನನಗೆ ಗಂಜಿಯ ಆಸೆ ತಡೆಯಲಾಗದಷ್ಟು ಆಗಿತ್ತು. ಸೂಪರ್‌ಮಾರ್ಕೆಟ್ಟಿನ ಬಾಸ್ಮತಿಯಲ್ಲಿ ಗಂಜಿ ಆಗುವುದಿಲ್ಲ, ನಿಮಗೂ ಗೊತ್ತಾಗಿರಬೇಕು. ಆಗ ಯಾರೋ ಶ್ರೀಲಂಕಾದ ತಮಿಳರ ಅಂಗಡಿ ತೋರಿಸಿದರು. ಜರ್ಮನಿಯ ದೊಡ್ಡ ಊರುಗಳಲ್ಲೆಲ್ಲ ಅವರ ಅಂಗಡಿಗಳಿವೆ. ಅಲ್ಲಿ ಕೆಂಪು ಕುಸುಬಲಕ್ಕಿ ಸಿಕ್ಕಿತು. ನಮ್ಮ ಕುಚ್ಚಲಕ್ಕಿಯೇ ಅಂತ ಹೇಳಲಾರೆ, ಆದರೆ ಅದರ ತಂಗಿ. ಕರಿಬೇವು, ತೆಂಗಿನಕಾಯಿ, ಒಣಮೀನು ಎಲ್ಲ ಇತ್ತು. ಆ ರಾತ್ರಿ ಮುಕ್ಕಾಲು ಗಂಟೆ ಬೇಯಿಸಿ, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ತೆಗೆದೆ. ಒಂದು ಬಟ್ಟಲನ್ನು ಕೆಳಗಿನ ಅಜ್ಜಿಗೂ ಕೊಟ್ಟೆ. ಗಂಜಿ ಅವರಿಗೆ ಹಿಡಿಸಿತು. ಮಿಡಿಯನ್ನು ಚಿಕ್ಕದಾಗಿ ಕತ್ತರಿಸಿ ಬ್ರೆಡ್ಡಿನ ಮೇಲೆ ಬೆಣ್ಣೆಯ ಜೊತೆ ಇಟ್ಟುಕೊಂಡು ತಿಂದರು. ಅವತ್ತಿನಿಂದ ಉಪ್ಪಿನಕಾಯಿಯ ಡಬ್ಬಿ ಎರಡು ಮನೆಗೆ ಆಯಿತು. ಅಮ್ಮ ಪಾರ್ಸಲ್ ಕಳಿಸುತ್ತಾರೆ ಅಂದರೆ ತುಪ್ಪದ ಬಾಟಲಿ, ಮಾಂಸದ ಪದಾರ್ಥ ಬೇಡ ಅನ್ನಿ. ಹಾಲು ಮತ್ತು ಮಾಂಸದ ಸಾಮಾನನ್ನು ಯುರೋಪಿನ ಒಳಗೆ ಬಿಡುವುದಿಲ್ಲ. ನೀವೇ ಹೊತ್ತು ತರುವುದಾದರೆ ತೆಂಗಿನಕಾಯಿಗೆ ತೊಂದರೆ ಇಲ್ಲ. ಹಣ್ಣು, ತರಕಾರಿಗಳಿಗೆಲ್ಲ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುವವರು ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿನಂಥ ಐದೇ ಐದಕ್ಕೆ ವಿನಾಯಿತಿ ಕೊಟ್ಟಿದ್ದಾರೆ.

ಇನ್ನೊಂದು ದಿನದ ಬಗ್ಗೆ ಹೇಳಲೇಬೇಕು. 2005ರ ಏಪ್ರಿಲ್. ಹಗಲು ಉದ್ದವಾಗಿತ್ತು, ಮರಗಳಲ್ಲಿ ಹೂ ಬಂದಿತ್ತು. ಅಜ್ಜಿ ಹೇಳಿದರು, ನಿಮ್ಮ ಊರಿನ ಪುಸ್ತಕಗಳು ಟ್ಯೂಬಿಂಗೆನ್‌ನಲ್ಲಿ ಇರಬೇಕು, ಹೋಗಿ ನೋಡಿ ಅಂತ. ಸ್ಟುಟ್‌ಗಾರ್ಟ್‌ನಿಂದ ಟ್ರೈನಿನಲ್ಲಿ ಒಂದು ಗಂಟೆಯ ಆಸುಪಾಸು. ನೆಕಾರ್ ನದಿ, ಉದ್ದನೆಯ ಗಳ ಹಾಕಿ ತಳ್ಳುವ ದೋಣಿಗಳು, ನಮ್ಮ ಬೀದಿಗಳಿಗಿಂತ ಕಿರಿದಾದ ಓಣಿಗಳು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಅರೆಬರೆ ಜರ್ಮನ್‌ನಲ್ಲಿ ಕೇಳಿದೆ, ಕಿಟೆಲ್ ನಿಘಂಟು ಇದೆಯೇ?

ಇತ್ತು. ಮೇಜಿನ ಮೇಲೆ ತಂದಿಟ್ಟರು. ಎರಡು ಕೈಯಲ್ಲಿ ಎತ್ತಬೇಕಾದಂಥ ಪುಸ್ತಕ. ಸುಮಾರು 70 ಸಾವಿರ ಪದಗಳು. ಮೊದಲ ಪುಟದ ಕೆಳಗೆ ಅಚ್ಚಾದ ಊರು ಮತ್ತು ವರ್ಷ: ಮಂಗಳೂರು, 1894. ನಾನು ಹುಟ್ಟಿ ಬೆಳೆದ ಕಡಲತೀರದಲ್ಲಿ ಅಚ್ಚು ಜೋಡಿಸಿದ್ದ ಕನ್ನಡ ಅಕ್ಷರಗಳು. ಆ ಓದುವ ಕೋಣೆಯಲ್ಲಿ ಅವನ್ನು ಓದಬಲ್ಲ ಮನುಷ್ಯ ಬಹುಶಃ ನಾನೊಬ್ಬನೇ. ‘ಮನೆ’ ಅನ್ನುವ ಪದ ಹುಡುಕಿ ತೆಗೆದೆ. ಆ ಪುಟವನ್ನೇ ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಕಿಟೆಲ್ 1853ರಲ್ಲಿ ನಮ್ಮ ಕಡೆಗೆ ಬಂದಾಗ ಅವರಿಗೆ 21ರ ಆಸುಪಾಸು. ಹೆಚ್ಚುಕಡಿಮೆ ನಿಮ್ಮ ವಯಸ್ಸು. ಹುಟ್ಟಿದ್ದು ಜರ್ಮನಿಯ ಉತ್ತರದ ತುದಿಯಲ್ಲಿ, ಚಳಿ ಸಮುದ್ರದ ಪಕ್ಕ. ಬಂದಿಳಿದದ್ದು ನಮ್ಮ ಸೆಕೆಗೆ, ನಮ್ಮ ಮಳೆಗೆ. ಅವರಿಗೆ ತಿಳಿಯುವ ಭಾಷೆ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಫೋನ್ ಇರಲಿಲ್ಲ, ಊರಿಗೆ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಳು ಬೇಕಿದ್ದವು. ಆ ಹುಡುಗ ಮಂಗಳೂರು, ಧಾರವಾಡ, ಮಡಿಕೇರಿ ಅಂತ ಇದ್ದು, ಕನ್ನಡ ಕಲಿತು, ಕೊನೆಗೆ ನಮಗೇ ನಮ್ಮ ಪದಗಳನ್ನು ಜೋಡಿಸಿಕೊಟ್ಟರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ಮೊದಲ ಮಳೆಗಾಲ ಹೇಗೆ ಕಳೆದಿರಬಹುದು ಅಂತ ನಾನು ಆ ಸಂಜೆ ಟ್ರೈನಿನಲ್ಲಿ ವಾಪಸ್ ಬರುವಾಗ ಬಹಳ ಯೋಚಿಸಿದೆ. ನೀವೂ ಭಾನುವಾರ ಬಿಟ್ಟು ಬೇರೆ ಒಂದು ದಿನ ಹೋಗಿ ಬನ್ನಿ. ಗ್ರಂಥಾಲಯದಲ್ಲಿ ಮೊದಲೇ ಕೇಳಿಕೊಳ್ಳಿ, ಹಳೆಯ ಪುಸ್ತಕ ಒಳಗಿನಿಂದ ತರಿಸಲು ಸಮಯ ಹಿಡಿಯುತ್ತದೆ.

ಅಮ್ಮನಿಗೆ ಫೋನ್ ಮಾಡಿ. ಅಜ್ಜಿ ಬೈದದ್ದನ್ನೂ ಹೇಳಿ. ಮೆಟ್ಟಿಲು ಗುಡಿಸದ್ದಕ್ಕೆ ಬೈಸಿಕೊಂಡೆ ಅಂದರೆ ಉಡುಪಿ ಕಡೆಯ ಯಾವ ತಾಯಿಯೂ ಆ ಅಜ್ಜಿಯ ಪರವೇ ಮಾತಾಡುತ್ತಾರೆ. ನನ್ನ ಅಮ್ಮ ಅದನ್ನೇ ಮಾಡಿದರು. ‘ಅವರು ಹೇಳಿದ್ದು ಸರಿಯೇ ಅಲ್ವಾ’ ಅಂದರು. ಅಷ್ಟೇ ಅಲ್ಲ, 2005ರ ಆಗಸ್ಟ್‌ನಲ್ಲಿ ನಾನು ರಜೆಗೆ ಊರಿಗೆ ಬಂದಾಗ, ತೆಂಗಿನ ಗರಿ ಸೀಳಿ, ಕಡ್ಡಿ ಕೆರೆದು, ಒಂದು ಹೊಸ ಹಿಡಿಸೂಡಿ ಕಟ್ಟಿಕೊಟ್ಟರು. ಅವರಿಗೆ ಕೊಡು ಅಂದರು.

ಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಕಡ್ಡಿಯ ತುದಿಯನ್ನು ಅಂಗೈಗೆ ಒತ್ತಿ ನೋಡಿದರು. ಅಕ್ಟೋಬರ್‌ನಲ್ಲಿ ಎಲೆ ಉದುರುವ ಕಾಲ ಬಂತು. ಮಳೆಗೆ ಒದ್ದೆಯಾದ ಎಲೆಗಳು ಕಾಲುದಾರಿಯ ಕಲ್ಲಿಗೆ ಕಾಗದದ ಹಾಗೆ ಅಂಟಿಕೊಂಡಿದ್ದವು. ಅವರ ನೈಲಾನ್ ಪೊರಕೆ ಅವುಗಳ ಮೇಲೆ ಜಾರುತ್ತಿತ್ತು. ಹಿಡಿಸೂಡಿಯ ಕಡ್ಡಿ ಅಡಿಗೆ ಹೋಗಿ ಒಂದೇ ಎಳೆತಕ್ಕೆ ಎಬ್ಬಿಸಿತು. ಅಜ್ಜಿ ಮಾತಾಡದೆ ಎರಡು ಮಾರು ಗುಡಿಸಿದರು. ಬಗ್ಗಿ, ಎಡಗೈ ಬೆನ್ನ ಹಿಂದೆ ಇಟ್ಟು. ಆಮೇಲೆ ನೆಲಮಾಳಿಗೆಯ ಗೋಡೆಗೆ ಒಂದು ಹೊಸ ಮೊಳೆ ಹೊಡೆದು, ಕೇರ್‌ವೊಖೆಯ ಹಲಗೆ ತೂಗುಹಾಕುವ ಜಾಗದ ಪಕ್ಕದಲ್ಲೇ ಅದನ್ನು ನೇತು ಹಾಕಿದರು. 2006ರಲ್ಲಿ ನಾನು ಮನೆ ಖಾಲಿ ಮಾಡುವಾಗಲೂ ಅದು ಅಲ್ಲೇ ಇತ್ತು, ಕಡ್ಡಿ ಸವೆದು ಅರ್ಧಕ್ಕೆ ಬಂದಿತ್ತು.

ಬರುವ ಬೇಸಿಗೆ ರಜೆಗೆ ನೀವು ಊರಿಗೆ ಬಂದರೆ ವಾಪಸ್ ಹೋಗುವಾಗ ಒಂದನ್ನು ಒಯ್ಯಿರಿ. ಕಟ್ಟು ಸಣ್ಣದಿರಲಿ, ಕಡ್ಡಿ ಚೆನ್ನಾಗಿ ಒಣಗಿರಲಿ. ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಸರಿಯಾಗಿ ಹಿಡಿಸುತ್ತದೆ.